ಹಳ್ಳಿಯಂಗಡಿಯ ಸಾಲದ ಪುಸ್ತಕ: ಹಾಸನ ಸೀಮೆಯ ನಾಲ್ಕು ತಾಲ್ಲೂಕುಗಳನ್ನು ಕುರಿತ ಒಂದು ಟಿಪ್ಪಣಿ

ಹಾಸನ ಜಿಲ್ಲೆಯ ವ್ಯಾಪಾರದ ಇತಿಹಾಸವನ್ನು ಬರೆಯಹೊರಟವರಿಗೆ ಶಾಸನಾಧಾರಗಳ ಕೊರತೆಯಿಲ್ಲ. ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯವನ್ನು ವಿಷ್ಣುವರ್ಧನನ ಕಾಲದಲ್ಲಿ, ಹನ್ನೆರಡನೆಯ ಶತಮಾನದ ಎರಡನೆಯ ದಶಕದಲ್ಲಿ, ಕಟ್ಟಿಸಿದವರು ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಪತ್ನಿ ಸಹಜಾದೇವಿ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಇಮ್ಮಡಿ ಬಲ್ಲಾಳನ ಪಟ್ಟಣಸ್ವಾಮಿಯಾಗಿದ್ದ ನಾಗದೇವನು 1195ರಲ್ಲಿ ನಗರ ಜಿನಾಲಯವನ್ನು ಕಟ್ಟಿಸಿದನು. ಅದರ ರಕ್ಷಣೆಯ ಹೊಣೆಯನ್ನು ಹೊತ್ತವರು ಆ ಊರಿನ ನಕರರು, ಅಂದರೆ ವರ್ತಕ ಸಮುದಾಯದವರು. ವಡ್ಡವ್ಯವಹಾರಿ, ಪಟ್ಟಣಸ್ವಾಮಿ, ಅಯ್ಯಾವೊಳೆ ಐನೂರ್ವರು ಮುಂತಾದ ಹೆಸರುಗಳು ವಿದ್ವಾಂಸರಿಗೆಲ್ಲ ಪರಿಚಿತವಾದವುಗಳೇ. ಆದರೆ ಗುಡಿ ಕಟ್ಟಿಸದ, ದತ್ತಿ ಬಿಡದ, ಊರಿನ ನಡುವೆ ಒಂದಂಕಣದ ಕೋಣೆಯಲ್ಲಿ ಉಪ್ಪು, ಮೆಣಸಿನಕಾಯಿ, ಹೊಗೆಸೊಪ್ಪುಗಳನ್ನು ಇಟ್ಟುಕೊಂಡು ಕುಳಿತ ಹಳ್ಳಿಯ ಅಂಗಡಿಕಾರನನ್ನು ಯಾವ ಶಾಸನವೂ ಹೆಸರಿಸುವುದಿಲ್ಲ. ಸಾಮಾನ್ಯ ರೈತನೊಬ್ಬನಿಗೆ ಮಾರುಕಟ್ಟೆಯೆಂದರೆ ಇವನೇ ಆಗಿದ್ದನು.

‘ಶೆಟ್ಟಿ ಬಿಟ್ಟಲ್ಲೇ ಪಟ್ಟಣ’ ಎಂಬ ಗಾದೆಯನ್ನು ಸಾಮಾನ್ಯವಾಗಿ ವರ್ತಕನ ಹಿರಿಮೆಯನ್ನು ಸಾರುವ ಮಾತೆಂದು ವಿವರಿಸಲಾಗುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ನಡೆಸಿದಾಗ ಈ ಗಾದೆಯನ್ನು ಹಿರಿಯರು ನಗುತ್ತ ಹೇಳಿದ್ದಕ್ಕಿಂತ ನಿಟ್ಟುಸಿರಿನೊಂದಿಗೆ ಹೇಳಿದ್ದೇ ಹೆಚ್ಚು. ಆ ನಿಟ್ಟುಸಿರಿಗೆ ಕಾರಣ ಸಾಲ. ಹಳ್ಳಿಯಂಗಡಿಯು ಸರಕು ಮಾರುವ ಸ್ಥಳವಾಗಿದ್ದುದಕ್ಕಿಂತ ಮುಖ್ಯವಾಗಿ ಸಾಲ ಬರೆಯುವ ಸ್ಥಳವಾಗಿತ್ತು ಎಂಬುದು ಈ ಲೇಖನದ ವಾದ. ಆ ಸಾಲದ ಚರಿತ್ರೆಗೆ ಎರಡು ಆಕರಗಳಿವೆ. ಒಂದು ಅಂಗಡಿಕಾರನು ಬರೆದಿಟ್ಟ ಲೆಕ್ಕ, ಇನ್ನೊಂದು ಸಾಲಗಾರನು ನೆನಪಿನಲ್ಲಿಟ್ಟುಕೊಂಡ ಮಾತು. ಇವೆರಡೂ ಒಂದನ್ನೊಂದು ಒಪ್ಪುವುದಿಲ್ಲ.

ಮೊದಲು ಪ್ರದೇಶದ ಸ್ವರೂಪವನ್ನು ಗಮನಿಸಬೇಕು. ಹೊಳೆನರಸೀಪುರವು ಹೇಮಾವತಿಯ ದಡದಲ್ಲಿದೆ. ಅರಕಲಗೂಡು ತಾಲ್ಲೂಕಿಗೆ ಒಂದೆಡೆ ಹೇಮಾವತಿ, ಇನ್ನೊಂದೆಡೆ ಕಾವೇರಿ; ರಾಮನಾಥಪುರ, ಕೊಣನೂರುಗಳು ಕಾವೇರಿಯ ಅಂಚಿನವು. ಚನ್ನರಾಯಪಟ್ಟಣದ ಹಿರೀಸಾವೆ, ನುಗ್ಗೇಹಳ್ಳಿ, ಬಾಗೂರು ಹೋಬಳಿಗಳು ಬಯಲುಸೀಮೆಯ ತೆಂಗು, ರಾಗಿಗಳ ನೆಲ. ಮೈಸೂರು–ಅರಸೀಕೆರೆ ರೈಲು ಮಾರ್ಗವು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಹೊಳೆನರಸೀಪುರ, ಹಾಸನಗಳನ್ನು ಮುಟ್ಟಿತು. ಅರಕಲಗೂಡಿಗೆ ಇಂದಿಗೂ ರೈಲಿಲ್ಲ. ಹಾಸನದಿಂದ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ಹೋಗುವ ಮಾರ್ಗವು ಪೂರ್ಣವಾದದ್ದು 2017ರಲ್ಲಿ. ಸೇತುವೆಗಳು ವಿರಳವಾಗಿದ್ದ ಕಾಲದಲ್ಲಿ ಮಳೆಗಾಲದ ಹೊಳೆಯನ್ನು ಹರಿಗೋಲಿನಲ್ಲಿ ದಾಟಿ ಸಂತೆಗೆ ಹೋಗುವುದು ಎಲ್ಲರಿಗೂ ಸಾಧ್ಯವಿರಲಿಲ್ಲ. ಹಾಸನದ ಸಂತೆಪೇಟೆಯಾಗಲಿ, ಅರಕಲಗೂಡು ತಾಲ್ಲೂಕಿನ ಸಂತೆಮರೂರಾಗಲಿ ಹೆಸರಿನಲ್ಲೇ ಸಂತೆಯನ್ನು ಉಳಿಸಿಕೊಂಡಿವೆ. ರಾಮನಾಥಪುರದ ಷಷ್ಠಿಯ ಜಾತ್ರೆ, ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆಗಳು ವರ್ಷಕ್ಕೊಮ್ಮೆ ದೊಡ್ಡ ವ್ಯಾಪಾರಕ್ಕೆ ಎಡೆಮಾಡಿಕೊಡುತ್ತಿದ್ದವು. ಆದರೆ ಸಂತೆಯಲ್ಲಿ ಕೊಳ್ಳಬೇಕಾದರೆ ಕೈಯಲ್ಲಿ ಕಾಸು ಬೇಕು, ಇಲ್ಲವೇ ತಲೆಯ ಮೇಲೆ ಮೂಟೆ ಬೇಕು. ಎರಡೂ ಇಲ್ಲದ ಆಷಾಢದ ದಿನಗಳಲ್ಲಿ ಹಳ್ಳಿಗೆ ಉಳಿಯುತ್ತಿದ್ದುದು ಊರೊಳಗಿನ ಅಂಗಡಿ ಮಾತ್ರ. ಸಂತೆಗೂ ಅಂಗಡಿಗೂ ಇರುವ ಮೂಲಭೂತ ವ್ಯತ್ಯಾಸ ಇದೇ: ಸಂತೆಯು ಮುಖಪರಿಚಯವನ್ನು ಕೇಳುವುದಿಲ್ಲ, ಸಾಲವನ್ನೂ ಕೊಡುವುದಿಲ್ಲ.

ಅಂಗಡಿಯ ಸರಕಿನ ಪಟ್ಟಿಯು ಹಳ್ಳಿಯು ತಾನೇ ಬೆಳೆಯಲಾರದ, ಮಾಡಿಕೊಳ್ಳಲಾರದ ವಸ್ತುಗಳ ಪಟ್ಟಿಯೂ ಹೌದು. ಅದರಲ್ಲಿ ಮೊದಲನೆಯದು ಉಪ್ಪು. ಒಳನಾಡಿನಲ್ಲಿ ಉಪ್ಪಾರರು ಮಣ್ಣಿನಿಂದ ತೆಗೆಯುತ್ತಿದ್ದ ಉಪ್ಪು ಹಿಂದೆ ಸರಿದು, ಘಟ್ಟ ಹತ್ತಿ ಬಂದ ಸಮುದ್ರದ ಉಪ್ಪು ಊರೂರನ್ನು ತಲುಪಿದ ಮೇಲೆ ಅದನ್ನು ಕೊಳ್ಳದೆ ವಿಧಿಯಿರಲಿಲ್ಲ. ಅನಂತರದ ಸರದಿ ಸೀಮೆಎಣ್ಣೆಯದು. ಹರಳೆಣ್ಣೆ, ಹೊಂಗೆಎಣ್ಣೆಗಳ ದೀಪ ಮನೆಯ ಗಾಣದ ದೀಪ. ಬುಡ್ಡಿದೀಪವು ಅಂಗಡಿಯ ದೀಪ. ಬೆಂಕಿಪೊಟ್ಟಣ, ಬೀಡಿ, ಕಡ್ಡಿಪುಡಿ, ಕಾಫಿಪುಡಿ, ಸೋಪು ಒಂದೊಂದಾಗಿ ಬಂದವು. ಇದ್ದಿಲು, ಒಲೆಯ ಬೂದಿ, ಸೀಗೆಪುಡಿಗಳಿಂದ ಸಾಗುತ್ತಿದ್ದ ಕೆಲಸಗಳಿಗೆ ಕಾಸು ಬೇಕಾಯಿತು. ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಹಳ್ಳಿಯು ‘ಸ್ವಯಂಪೂರ್ಣ’ವಾಗಿತ್ತೆಂದು ನಮ್ಮ ಅನೇಕ ಗ್ರಂಥಗಳು ಹೇಳುತ್ತ ಬಂದಿವೆ. ಉಪ್ಪಿಗಾಗಿಯಾದರೂ ಹೊರಗಿನವನ ಮುಂದೆ ನಿಲ್ಲಬೇಕಾಗಿದ್ದ ಸಮಾಜವನ್ನು ಸ್ವಯಂಪೂರ್ಣವೆನ್ನುವುದು ಉಚಿತವೆನಿಸುವುದಿಲ್ಲ.

ಅಂಗಡಿಯ ಅಧಿಕಾರವು ತಕ್ಕಡಿ, ಮಾನಗಳಲ್ಲಿ ಅಡಗಿತ್ತು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂಬುದು ಎಲ್ಲ ಕಡೆಯ ಲೆಕ್ಕ. ಕೊಳಗದ ಗಾತ್ರ ಮಾತ್ರ ಊರಿಂದೂರಿಗೆ ಬೇರೆ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತಾನು ತಂಗಿದ ಸ್ಥಳಗಳ ಅಳತೆಗಳನ್ನು ಬೇರೆಬೇರೆಯಾಗಿಯೇ ದಾಖಲಿಸಬೇಕಾಯಿತು. ಸೇರು, ಅಚ್ಚೇರು, ಪಾವು, ಚಟಾಕುಗಳ ವಿಷಯದಲ್ಲಿಯೂ ‘ಕೊಡುವ ಸೇರು’, ‘ಕೊಳ್ಳುವ ಸೇರು’ ಎಂಬ ಕುಹಕದ ಮಾತುಗಳು ಈ ಭಾಗದಲ್ಲಿ ಕೇಳಿಬರುತ್ತವೆ. ತಲೆಗಟ್ಟಿ ಅಳೆಯುವುದು, ಬಾಯಿಮಟ್ಟಕ್ಕೆ ಅಳೆಯುವುದು ಎಂಬ ಎರಡು ಕ್ರಮಗಳಿದ್ದು, ರೈತನ ರಾಗಿಯನ್ನು ತೆಗೆದುಕೊಳ್ಳುವಾಗ ಮೊದಲನೆಯದೂ ಅವನಿಗೆ ಕಾಳು ಕೊಡುವಾಗ ಎರಡನೆಯದೂ ನಡೆಯುತ್ತಿತ್ತೆಂದು ಹಿರಿಯರು ನೆನೆಯುತ್ತಾರೆ. ಇದಕ್ಕೆ ಜನ ಕಂಡುಕೊಂಡ ಪರಿಹಾರ ಕೊಸರು. ಅಳೆದ ಮೇಲೆ ಒಂದು ಚಿಟಿಕೆ, ಒಂದು ಹಿಡಿ ಮೇಲಕ್ಕೆ ಹಾಕಿಸಿಕೊಳ್ಳುವುದು ಕೊಳ್ಳುವವರ ಹಕ್ಕೆಂದೇ ಭಾವಿಸಲಾಗಿತ್ತು. ಕೊಸರು ಹಾಕದ ಅಂಗಡಿಗೆ ಮಕ್ಕಳೂ ಹೋಗುತ್ತಿರಲಿಲ್ಲ. ಮಕ್ಕಳಿಗಂತೂ ಕೊಸರೆಂದರೆ ಒಂದು ಚೂರು ಬೆಲ್ಲ. ಕಣದಲ್ಲಿ ರಾಶಿ ಅಳೆಯುವಾಗ ಒಂದು ಎನ್ನದೆ ‘ಲಾಭ’ ಎಂದು ಎಣಿಕೆ ತೊಡಗುವ ಪದ್ಧತಿಯನ್ನು ಜಾನಪದ ವಿದ್ವಾಂಸರು ಗುರುತಿಸಿದ್ದಾರೆ. ಅದೇ ರಾಶಿಯ ಒಂದು ಭಾಗವು ಅಂಗಡಿಗೆ ಹೋಗುವಾಗ ಆ ಮೊದಲ ಕೊಳಗ ಯಾರ ಲಾಭವೆಂಬ ಪ್ರಶ್ನೆ ಉಳಿಯುತ್ತದೆ.

1957ರ ಏಪ್ರಿಲ್ 1ರಿಂದ ನಯಾಪೈಸೆಯೂ, 1956ರ ಕಾಯ್ದೆಯನ್ವಯ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋಗ್ರಾಮು, ಲೀಟರುಗಳೂ ಬಂದವು. 1962ರ ಹೊತ್ತಿಗೆ ಹಳೆಯ ತೂಕಗಳು ಕಾನೂನಿನ ದೃಷ್ಟಿಯಲ್ಲಿ ರದ್ದಾದವು. ಹಳ್ಳಿಯಂಗಡಿಯಲ್ಲಿ ಅವು ಅಷ್ಟು ಸುಲಭವಾಗಿ ರದ್ದಾಗಲಿಲ್ಲ. ಗ್ರಾಮಿನ ಬಟ್ಟನ್ನು ಇಟ್ಟುಕೊಂಡು ಪಾವಿನ ಮಾತನ್ನಾಡುವ, ಇಪ್ಪತ್ತೈದು ಪೈಸೆಯನ್ನು ‘ನಾಲ್ಕಾಣೆ’ ಎನ್ನುವ ರೂಢಿಯು ಅನಂತರ ಒಂದು ತಲೆಮಾರಿನವರೆಗೂ ನಡೆಯಿತು. ಹಳೆಯ ಲೆಕ್ಕದಿಂದ ಹೊಸ ಲೆಕ್ಕಕ್ಕೆ ಬಾಕಿಯನ್ನು ವರ್ಗಾಯಿಸುವ ಕೆಲಸ ನಡೆದದ್ದು ಅಂಗಡಿಕಾರನ ಲೇಖನಿಯಿಂದ. ಆಣೆ ಕಾಸುಗಳನ್ನು ಪೈಸೆಗೆ ತಿರುಗಿಸುವಾಗ ಉಳಿಯುವ ಭಿನ್ನರಾಶಿ ಯಾವ ಕಡೆಗೆ ಸರಿಯಿತೆಂಬುದನ್ನು ಸಾಲಗಾರರಲ್ಲಿ ಹೆಚ್ಚಿನವರು ಓದಿ ತಿಳಿಯುವ ಸ್ಥಿತಿಯಲ್ಲಿರಲಿಲ್ಲ.

ಇನ್ನು ಲೆಕ್ಕದ ಪುಸ್ತಕ. ಕಾಗದವು ಹಳ್ಳಿಗೆ ಬರುವ ಮುನ್ನ ಈ ನಾಡಿನ ವರ್ತಕರು ಕಡತವನ್ನು ಬಳಸುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿಯನ್ನು ಬಳಿದು, ಒಣಗಿಸಿ, ಮಡಿಕೆ ಮಾಡಿ ಬಳಪದಿಂದ ಬರೆಯುವ ಈ ಸಾಧನವನ್ನು ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಮೈಸೂರಿನ ಚರಿತ್ರೆಯ ಮೊದಲ ಸಂಪುಟದಲ್ಲಿ ವರ್ಣಿಸಿದ್ದು, ಅಂಗಡಿಕಾರರು ಅದನ್ನು ಆಗಲೂ ಉಪಯೋಗಿಸುತ್ತಿದ್ದರೆಂದು ತಿಳಿಸುತ್ತಾನೆ. ಕಡತದ ವಿಶೇಷವೆಂದರೆ ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಶೃಂಗೇರಿ ಮಠದ ಕಡತಗಳು ಸಂಸ್ಥೆಯ ಆಶ್ರಯದಲ್ಲಿ ಉಳಿದು ಸಂಶೋಧಕರ ಕೈಸೇರಿದವು. ಹಳ್ಳಿಯ ವರ್ತಕನ ಕಡತಕ್ಕೆ ಅಂಥ ಆಶ್ರಯವಿರಲಿಲ್ಲ. ಸಾಲ ತೀರಿದೊಡನೆ ಬರಹವೂ ಅಳಿಯುತ್ತಿತ್ತು. ಕಾಗದದ ಕಿರ್ದಿ, ಖಾತೆ ಪುಸ್ತಕಗಳು ಬಂದ ಮೇಲೆ ಹೊಡೆದುಹಾಕಿದ ಬಾಕಿಯೂ ಗೆರೆಯ ಕೆಳಗೆ ಉಳಿಯತೊಡಗಿತು. ನಾನು ನೋಡಿದ ಕೆಲವು ಖಾತೆ ಪುಸ್ತಕಗಳಲ್ಲಿ ಸಾಲಗಾರನ ಪೂರ್ಣ ಹೆಸರಿರುವುದು ಅಪರೂಪ. ‘ಮೇಗಲಮನೆ’, ‘ಬಾವಿಮನೆ ಹಿರೇಸೊಸೆ’, ‘ಕೆರೆ ಕೆಳಗಿನ ಹಟ್ಟಿ’ ಎಂಬಂಥ ಗುರುತುಗಳೇ ಹೆಚ್ಚು. ಊರಿನ ಮನೆತನಗಳ ನಕ್ಷೆಯನ್ನು ತಲೆಯಲ್ಲಿಟ್ಟುಕೊಳ್ಳದವನಿಗೆ ಆ ಪುಸ್ತಕ ಅರ್ಥವಾಗುವುದಿಲ್ಲ. ಅಂಗಡಿಕಾರನು ಸತ್ತರೆ ಪುಸ್ತಕವೂ ಅರ್ಧ ಸತ್ತಂತೆ.

ಸಾಲದ ವಾಯಿದೆಯನ್ನು ನಿರ್ಧರಿಸುತ್ತಿದ್ದುದು ಬೆಳೆ. ರಾಗಿಯ ಊರುಗಳಲ್ಲಿ ಆಷಾಢ, ಶ್ರಾವಣಗಳಲ್ಲಿ ತೆಗೆದ ಕಡವನ್ನು ಸುಗ್ಗಿಯಲ್ಲಿ ಕಾಳಾಗಿ ತೀರಿಸಬೇಕು. ಸುಗ್ಗಿಯಲ್ಲಿ ಕಾಳಿನ ಧಾರಣೆ ಇಳಿದಿರುತ್ತದೆ. ಕೊಟ್ಟ ಕಾಳೇ ಮುಂದಿನ ಆಷಾಢದಲ್ಲಿ ಏರಿದ ಧಾರಣೆಗೆ ಅದೇ ಮನೆಗೆ ಮರಳಿ ಬರುತ್ತದೆ. ಬಡ್ಡಿಯೆಂಬ ಶಬ್ದವನ್ನು ಯಾರೂ ಎತ್ತದೆಯೇ ಬಡ್ಡಿ ಬೆಳೆಯುತ್ತಿದ್ದ ರೀತಿ ಇದು. ಚನ್ನರಾಯಪಟ್ಟಣದ ತೆಂಗಿನ ಊರುಗಳಲ್ಲಿ ವರ್ಷದಲ್ಲಿ ಹಲವು ಬಾರಿ ಕಾಯಿ ಕೆಡಹುವುದರಿಂದ ವಾಯಿದೆಯೂ ಚಿಕ್ಕದು, ಬಾಕಿಯೂ ಚಿಕ್ಕದು. ಅಲ್ಲಿನ ನೆನಪುಗಳಲ್ಲಿ ಅಂಗಡಿಕಾರನ ಮೇಲಿನ ಸಿಟ್ಟು ಕಡಿಮೆಯೆಂಬುದು ಗಮನಾರ್ಹ. ಹಾಸನದ ಆಲೂಗೆಡ್ಡೆಯ ಊರುಗಳದು ಬೇರೆಯದೇ ಕಥೆ. ಮೇ, ಜೂನ್ ತಿಂಗಳುಗಳಲ್ಲಿ ಬಿತ್ತಿ ಆಗಸ್ಟ್, ಸೆಪ್ಟೆಂಬರಿನಲ್ಲಿ ಕೀಳುವ ಬೆಳೆಗೆ ಬಿತ್ತನೆಗೆಡ್ಡೆಯನ್ನು ಪಂಜಾಬಿನ ಜಲಂಧರದಿಂದ ತರಿಸಬೇಕು. ಮೂರು ತಿಂಗಳ ಸಾಲವು ಒಂದು ಮಳೆಯ ಅಂಗಮಾರಿಗೆ ಮೂರು ವರ್ಷದ ಸಾಲವಾಗಬಹುದು.

ಹೀಗೆ ಬರಲಿರುವ ಬೆಳೆಯನ್ನು ಅಡವಿಟ್ಟು ಸರಕು ಕೊಡುವ ಪದ್ಧತಿಯು ನಮ್ಮ ಸೀಮೆಯೊಂದರದೇ ಅಲ್ಲ. ಕೆನಡಾದ ವಾಯವ್ಯದ ಕಾಡುಗಳಲ್ಲಿ ವಾಸಿಸುವ ದೆನೆ ಜನರಿಗೂ ಹಡ್ಸನ್ಸ್ ಬೇ ಕಂಪನಿಗೂ ಇದ್ದ ಸಂಬಂಧವನ್ನು ಇಲ್ಲಿ ಹೋಲಿಕೆಗಾಗಿ ನೆನೆಯಬಹುದು. 1670ರಲ್ಲಿ ಇಂಗ್ಲೆಂಡಿನ ರಾಜಸನ್ನದಿನಿಂದ ಸ್ಥಾಪಿತವಾದ ಆ ಕಂಪನಿಯು 1717ರಲ್ಲಿ ಚರ್ಚಿಲ್ ನದಿಯ ಮುಖದಲ್ಲಿ ದೆನೆಯರ ಒಂದು ಪಂಗಡದೊಂದಿಗಿನ ವ್ಯಾಪಾರಕ್ಕಾಗಿಯೇ ಠಾಣ್ಯವನ್ನು ತೆರೆಯಿತು. ಅಲ್ಲಿ ನಾಣ್ಯದ ಬದಲು ಬೀವರ್ ಎಂಬ ಪ್ರಾಣಿಯ ಚರ್ಮವೇ ಲೆಕ್ಕದ ಮಾನವಾಗಿತ್ತು. ಚಳಿಗಾಲ ಹಿಡಿಯುವ ಮುನ್ನ ಬೇಟೆಗಾರನು ಬಂದೂಕಿನ ಮದ್ದು, ಗುಂಡು, ಕಂಬಳಿಗಳನ್ನು ಸಾಲವಾಗಿ ಒಯ್ದು, ಅನಂತರ ಚರ್ಮಗಳಿಂದ ತೀರಿಸುತ್ತಿದ್ದನು. ನಮ್ಮ ಆಷಾಢ, ಸುಗ್ಗಿಗಳ ಜಾಗದಲ್ಲಿ ಅಲ್ಲಿ ಹಿಮ ಬೀಳುವ, ಕರಗುವ ಕಾಲಗಳಿದ್ದವು. ಆದರೆ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಕಂಪನಿಯ ಲೆಕ್ಕದ ಪುಸ್ತಕಗಳು ಇಂದು ಮ್ಯಾನಿಟೋಬಾದ ಪತ್ರಾಗಾರದಲ್ಲಿ ಸುರಕ್ಷಿತವಾಗಿದ್ದು, ಅಲ್ಲಿನ ಜನರ ಇತಿಹಾಸ ಬರೆಯುವವರಿಗೆ ಪ್ರಮುಖ ಆಕರಗಳಾಗಿವೆ. ಉತ್ತರದ ಅಂಗಡಿಗಳನ್ನು ಕಂಪನಿಯು 1987ರಲ್ಲಿಯೇ ಮಾರಿತು, 2025ರಲ್ಲಿ ತನ್ನ ಉಳಿದ ಮಳಿಗೆಗಳನ್ನೂ ಮುಚ್ಚಿತು, ಪುಸ್ತಕಗಳು ಉಳಿದವು. ನಮ್ಮಲ್ಲಿ ಅಂಗಡಿಗಳು ಉಳಿದಿವೆ, ಪುಸ್ತಕಗಳು ಹೋಗಿವೆ.

ಪುಸ್ತಕ ಉಳಿದಿದ್ದರೂ ಅದು ಎಲ್ಲವನ್ನೂ ಹೇಳುವುದಿಲ್ಲ. ಅಂಗಡಿಯ ಜಗಲಿಯ ಮೇಲೆ ಯಾರು ಕೂರಬಹುದು, ಯಾರು ಬೀದಿಯಲ್ಲಿ ನಿಲ್ಲಬೇಕು ಎಂಬುದು ಯಾವ ಕಿರ್ದಿಯಲ್ಲೂ ಇಲ್ಲ. ದಲಿತ ಕೇರಿಯ ಹಿರಿಯರನ್ನು ಮಾತನಾಡಿಸಿದರೆ ಅವರು ಮೊದಲು ಹೇಳುವುದು ಬೆಲೆಯ ಸಂಗತಿಯನ್ನಲ್ಲ. ಕಾಸನ್ನು ಹೊಸ್ತಿಲ ಮೇಲಿಟ್ಟು ಹಿಂದೆ ಸರಿಯಬೇಕಿತ್ತು, ಅದರ ಮೇಲೆ ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದರು, ಉಪ್ಪನ್ನು ಮೇಲಿನಿಂದ ಸೆರಗಿಗೆ ಸುರಿಯುತ್ತಿದ್ದರು, ಸುರಿದದ್ದು ನೆಲಕ್ಕೆ ಚೆಲ್ಲಿದರೆ ಆ ನಷ್ಟ ಕೊಂಡವರದು. ಕೊಸರನ್ನು ಕೇಳುವ ಹಕ್ಕು ಎಲ್ಲರಿಗೂ ಇತ್ತೆಂದು ಮೇಲೆ ಹೇಳಿದ ಮಾತನ್ನು ಇಲ್ಲಿ ತಿದ್ದಿಕೊಳ್ಳಬೇಕಾಗುತ್ತದೆ; ಜಗಲಿ ಹತ್ತಲಾಗದವರು ತಕ್ಕಡಿಯ ಮುಳ್ಳನ್ನು ನೋಡುವುದೇ ಸಾಧ್ಯವಿರಲಿಲ್ಲ. ಖಾತೆಯಲ್ಲಿ ಇವರ ಬಾಕಿಯೂ ಉಳಿದವರ ಬಾಕಿಯಂತೆಯೇ ಅಂಕಿಯಾಗಿ ನಿಲ್ಲುತ್ತದೆ. ಲಿಖಿತ ದಾಖಲೆಯನ್ನೇ ನೆಚ್ಚಿದ ಚರಿತ್ರೆಕಾರನಿಗೆ ಆ ಅಂಕಿಗಳು ಸಮಾನವಾಗಿಯೇ ಕಾಣುತ್ತವೆ. ಸಾಲ ತೀರದೆ ಮಗನನ್ನು ಜೀತಕ್ಕೆ ಬಿಟ್ಟ ಸಂಗತಿಯೂ ಖಾತೆಯಲ್ಲಿ ಬರಿಯ ಒಂದು ಗೆರೆ.

ಹೆಂಗಸರ ವ್ಯವಹಾರವೂ ಇಂಥದೇ. ಯಜಮಾನನ ಹೆಸರಿನ ಖಾತೆಯ ಹೊರಗೆ ಇನ್ನೊಂದು ವ್ಯಾಪಾರ ನಡೆಯುತ್ತಿತ್ತು. ಸೆರಗಿನಲ್ಲಿ ಒಂದು ಪಾವು ರಾಗಿ, ಎರಡು ಮೊಟ್ಟೆ, ಒಂದಿಷ್ಟು ಹರಳು, ಹುಣಸೆಹಣ್ಣು ತಂದು, ಬದಲಿಗೆ ಕಾಫಿಪುಡಿಯನ್ನೋ ಎಲೆಅಡಿಕೆಯನ್ನೋ ಒಯ್ಯುವುದು. ಇದನ್ನು ಬರೆದರೆ ಗುಟ್ಟು ಒಡೆಯುತ್ತದೆಂದು ಬರೆಯುತ್ತಿರಲಿಲ್ಲ. ಬಳೆಗಾರನು ಮನೆಬಾಗಿಲಿಗೆ ಬಂದು ಕಾಳಿಗೆ ಬಳೆ ತೊಡಿಸಿ ಹೋಗುತ್ತಿದ್ದುದೂ ಇದೇ ಬರೆಯದ ಲೆಕ್ಕಕ್ಕೆ ಸೇರಿದ್ದು. ಜನಪದ ಗೀತೆಗಳಲ್ಲಿ ಬಳೆಗಾರ ಶೆಟ್ಟಿಯು ತವರಿನ ಸುದ್ದಿ ತರುವವನಾಗಿ ಆತ್ಮೀಯನಾಗಿ ಬರುತ್ತಾನೆ. ಅಂಗಡಿಯ ಶೆಟ್ಟಿಗೆ ಆ ಭಾಗ್ಯವಿಲ್ಲ. ಹಾಡಿನಲ್ಲಿ ಒಬ್ಬನಿಗೂ ಗಾದೆಯಲ್ಲಿ ಇನ್ನೊಬ್ಬನಿಗೂ ಸ್ಥಾನ ದೊರೆತಿರುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಒಬ್ಬನು ಬಾಕಿಯನ್ನು ಕೇಳುವವನಲ್ಲ.

ಅಂಗಡಿಕಾರನ ಪಕ್ಷದ ಮಾತನ್ನೂ ಕೇಳಬೇಕು. ಆತನೂ ಹಾಸನದ, ಹೊಳೆನರಸೀಪುರದ ಸಗಟು ಮಂಡಿಗಳಲ್ಲಿ ಸಾಲ ಹೊತ್ತೇ ಸರಕು ತರುತ್ತಿದ್ದನು. ಮಳೆ ಹೋದ ವರ್ಷ ಊರಿನ ಬಾಕಿ ವಸೂಲಾಗುತ್ತಿರಲಿಲ್ಲ. ಮಂಡಿಯ ಬಾಕಿ ಮಾತ್ರ ಕಾಯುತ್ತಿರಲಿಲ್ಲ. ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆಯನ್ನು ಅಂಗಡಿಕಾರರ ಮನೆಗಳಲ್ಲಿ ಕೇಳಿದಾಗ ಅದರ ಧ್ವನಿಯೇ ಬೇರೆ. ಬೋಣಿಯಾಗುವ ಮುನ್ನ ಸಾಲ ಕೊಡಬಾರದು, ದೀಪ ಹಚ್ಚಿದ ಮೇಲೆ ಉಪ್ಪು ಕೊಡಬಾರದು ಎಂಬ ನಂಬಿಕೆಗಳು ನಯವಾಗಿ ಇಲ್ಲವೆನ್ನುವುದಕ್ಕೆ ಒದಗುವ ಉಪಾಯಗಳೂ ಆಗಿದ್ದವು. ಎಷ್ಟೋ ಬಾಕಿಗಳನ್ನು ಸಾವಿನ ಮನೆಯೆಂದು, ಬಾಣಂತಿಯ ಮನೆಯೆಂದು ಬಿಟ್ಟದ್ದೂ ಉಂಟು. ಊರಿಗೆ ಬಂದ ಕಾಗದಗಳನ್ನು ಓದಿ ಹೇಳುವವನು, ಮದುವೆಯ ಸಾಮಾನಿನ ಪಟ್ಟಿ ಬರೆಯುವವನು ಬಹಳ ಕಡೆ ಈತನೇ ಆಗಿದ್ದನು. ಗೊರೂರು ರಾಮಸ್ವಾಮಿ ಅಯ್ಯಂಗಾರರು (1904–1991) ತಮ್ಮ ಪ್ರಬಂಧಗಳಲ್ಲಿ ಹೇಮಾವತಿ ತೀರದ ಹಳ್ಳಿಯ ಬದುಕನ್ನು ಚಿತ್ರಿಸಿದಾಗ ಅದರೊಳಗಿನ ಹಾಸ್ಯ ಮತ್ತು ಸಹನೆಗಳನ್ನು ಮುಂದುಮಾಡಿದರು. ಅದು ಸುಳ್ಳಲ್ಲ. ಹೊಸ್ತಿಲ ಆಚೆ ನಿಂತವರಿಂದ ನೋಡಿದರೆ ಚಿತ್ರ ಬದಲಾಗುತ್ತದೆ ಎಂದಷ್ಟೇ ಹೇಳಬೇಕಾಗಿದೆ.

ಪ್ರಭುತ್ವವು ಈ ಸಾಲದಲ್ಲಿ ಕೈಹಾಕಿದ್ದು ತಡವಾಗಿ. ಮೈಸೂರು ಸಂಸ್ಥಾನದಲ್ಲಿ 1905ರಲ್ಲಿ ಸಹಕಾರ ಸಂಘಗಳ ಕಾನೂನು, 1928ರಲ್ಲಿ ರೈತರ ಋಣಭಾರವನ್ನು ಕುರಿತ ಕಾನೂನು ಬಂದವು. 1961ರ ಲೇವಾದೇವಿದಾರರ ಹಾಗೂ ಗಿರವಿದಾರರ ಕಾಯ್ದೆಗಳು, ದೇವರಾಜ ಅರಸರ ಆಡಳಿತದಲ್ಲಿ 1976ರ ಋಣ ಪರಿಹಾರ ಕಾಯ್ದೆ ಜಾರಿಗೆ ಬಂದವು. ಕೊನೆಯದರ ನೆನಪು ಹಳ್ಳಿಗಳಲ್ಲಿ ಇನ್ನೂ ಹಸಿಯಾಗಿದೆ. ಗಿರವಿಯಿಟ್ಟ ಓಲೆ, ಬುಗುಡಿಗಳು ಮರಳಿ ಬಂದುದನ್ನು ಕೆಲವರು ಹೇಳಿದರೆ, ಆ ವರ್ಷದಿಂದ ಅಂಗಡಿಯಲ್ಲಿ ಹೊಸ ಸಾಲ ಹುಟ್ಟಲಿಲ್ಲವೆಂದು ಇನ್ನು ಕೆಲವರು ಹೇಳುತ್ತಾರೆ. ಇಬ್ಬರೂ ಒಂದೇ ಬೀದಿಯವರಾಗಿರುವುದುಂಟು. ಕಾಯ್ದೆಯು ಬರೆದ ಸಾಲವನ್ನು ಅಳಿಸಿತು; ಮುಂದಿನ ಆಷಾಢಕ್ಕೆ ಬೇರೆ ವ್ಯವಸ್ಥೆಯನ್ನು ಎಲ್ಲ ಊರುಗಳಿಗೂ ಒದಗಿಸಲಿಲ್ಲ.

ಆ ವ್ಯವಸ್ಥೆ ಬಂದದ್ದು ಬೇರೆ ದಾರಿಗಳಿಂದ. ಹಾಲು ಉತ್ಪಾದಕರ ಸಹಕಾರ ಸಂಘಗಳು ಊರೂರಲ್ಲಿ ತೆರೆದ ಮೇಲೆ ಹಸುವುಳ್ಳ ಮನೆಗೆ ಸುಗ್ಗಿಯನ್ನು ಕಾಯದೆ ಬಟವಾಡೆಯ ಹಣ ದೊರೆಯಿತು. ನನ್ನ ಅಭಿಪ್ರಾಯದಲ್ಲಿ ಹಳ್ಳಿಯಂಗಡಿಯ ಸಾಲದ ಸ್ವರೂಪವನ್ನು ಬದಲಿಸಿದ್ದರಲ್ಲಿ ಯಾವ ಕಾಯ್ದೆಗಿಂತಲೂ ಡೈರಿಯ ಪಾಲು ದೊಡ್ಡದು. ವರ್ಷದ ವಾಯಿದೆ ಹದಿನೈದು ದಿನಕ್ಕಿಳಿಯಿತು. ನ್ಯಾಯಬೆಲೆ ಅಂಗಡಿ, ಅದರಲ್ಲೂ 2013ರ ಅನ್ನಭಾಗ್ಯದ ಅಕ್ಕಿಯು ಆಷಾಢದ ಕಾಳಿನ ಸಾಲವನ್ನು ಬಹುಮಟ್ಟಿಗೆ ಇಲ್ಲವಾಗಿಸಿತು. 2023ರಿಂದ ಗೃಹಲಕ್ಷ್ಮಿ ಯೋಜನೆಯ ಮಾಸಿಕ 2000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಜಮೆಯಾಗತೊಡಗಿದ ಮೇಲೆ, ಸೆರಗಿನ ರಾಗಿಯ ಜಾಗದಲ್ಲಿ ಆಕೆಯ ಹೆಸರಿನದೇ ಹಣ ನಿಂತಿದೆ. ಸಾಲ ಮಾತ್ರ ಊರು ಬಿಟ್ಟಿಲ್ಲ, ಅಂಗಡಿ ಬದಲಿಸಿದೆ. ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪಿನ ಬೆಳೆಗಾರರು ರಾಮನಾಥಪುರದ ಹರಾಜು ಕಟ್ಟೆಯಲ್ಲಿ ಬೇಲು ಮಾರುತ್ತಾರೆ. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಪದ್ಧತಿ ಆರಂಭವಾದದ್ದು 1984ರಲ್ಲಿ. ಹರಾಜಿನ ಹಣ ಬ್ಯಾಂಕಿಗೆ ಬಂದು ಬ್ಯಾಂಕಿನ ಸಾಲಕ್ಕೆ ಮುರಿದ ಮೇಲೆ, ಉಳಿದದ್ದಕ್ಕೆ ಕಾದಿರುವವನು ಗೊಬ್ಬರ, ಔಷಧಿ ಅಂಗಡಿಯವನು. ಈ ಅಂಗಡಿಕಾರನು ಸಾಮಾನ್ಯವಾಗಿ ಹೋಬಳಿ ಕೇಂದ್ರದಲ್ಲಿರುತ್ತಾನೆ. ಸಾಲಗಾರನ ಮನೆಯ ಬಾಣಂತಿ, ಸಾವುಗಳ ಸುದ್ದಿ ಆತನಿಗೆ ತಲುಪುವುದಿಲ್ಲ.

ಹಳೆಯ ಖಾತೆ ಪುಸ್ತಕಗಳನ್ನು ಹುಡುಕಿಕೊಂಡು ಹೋದಾಗ ಹಲವೆಡೆ ದೊರೆತ ಉತ್ತರ ಒಂದೇ: ಹಾಳೆಗಳನ್ನು ಹರಿದು ಪೊಟ್ಟಣ ಕಟ್ಟಿದೆವು. ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಂಥ ಒಂದು ಪುಸ್ತಕದ ಉಳಿದ ಭಾಗವನ್ನು ದೇವರ ಮನೆಯ ಗೂಡಿನಿಂದ ತೆಗೆದುಕೊಟ್ಟರು. ಅಂಗಡಿ ಮುಚ್ಚಿ ಎರಡು ದಶಕಗಳಾಗಿತ್ತು. ಅದನ್ನು ಪ್ರತಿ ಮಾಡಿಕೊಳ್ಳಲು ಅನುಮತಿ ಕೇಳಿದಾಗ ಮನೆಯ ಹಿರಿಯರು ಒಪ್ಪಿದರು, ಆದರೆ ಒಂದು ಮಾತು ಹೇಳಿದರು, “ಹೆಸರುಗಳನ್ನು ಮಾತ್ರ ಬರ್ಕೋಬೇಡಿ ಸ್ವಾಮಿ. ಅವರ ಮೊಮ್ಮಕ್ಕಳು ಇದೇ ಊರಲ್ಲವ್ರೆ.” ನಾನು ವಸ್ತುಗಳನ್ನೂ ಮೊತ್ತಗಳನ್ನೂ ಬರೆದುಕೊಂಡೆ. ಅಂದು ಸಂಜೆ ಅದೇ ಊರಿನ ಕೆಳಗಿನ ಕೇರಿಯಲ್ಲಿ ಆ ಅಂಗಡಿಯ ವಿಚಾರವನ್ನು ಎತ್ತಿದಾಗ ವೃದ್ಧೆಯೊಬ್ಬರು ತಮ್ಮ ಮಾವನ ಕಾಲದ ಬಾಕಿಯನ್ನು ರೂಪಾಯಿ ಆಣೆಗಳ ಲೆಕ್ಕದಲ್ಲಿ ಹೇಳಿ, ಅದನ್ನು ತೀರಿಸಿದ ವರ್ಷ ಯಾವ ಕೆರೆ ಕೋಡಿ ಬಿದ್ದಿತ್ತೆಂಬುದನ್ನೂ ಸೇರಿಸಿದರು. ಪುಸ್ತಕದ ಉಳಿದ ಹಾಳೆಗಳಲ್ಲಿ ಆ ಮನೆಯ ಬಾಕಿಗೆ ಹೊಡೆದ ಗೆರೆ ಇರಲಿಲ್ಲ.